ಎರಡು ಪಲ್ಸ್‌ಗಳ ನಡುವೆ

ಫ್ಯಾಕ್ಟರಿಗಳಲ್ಲಿ ಕನ್ವೇಯರ್ ಬೆಲ್ಟ್ ನಡೆಸುವ ಪ್ರೋಗ್ರಾಂ ಬರೆಯುವುದನ್ನು ಎಷ್ಟೋ ಹುಡುಗರಿಗೆ ಕಲಿಸಿದವರು ಅಡಿವೆಪ್ಪ ಮೇಷ್ಟ್ರು. ಈಗ ಎಲ್ಲ ಬಿಟ್ಟು ಹೊಳೆದಂಡೆಯ ಮನೆಯಲ್ಲಿದ್ದರು.

ಶಿಷ್ಯರು ಗುರುವನ್ನು ಹುಡುಕಿ ಬರುವುದು ಹೊತ್ತಲ್ಲದ ಹೊತ್ತಿನಲ್ಲೇ. ಹಳೆಯ ಶಿಷ್ಯ ನಿಜಗುಣ ಬಂದ ಸಂಜೆ ಮೇಷ್ಟ್ರ ಹೆಂಡತಿ ಕೊನೆಯ ಉಸಿರು ಎಳೆಯುತ್ತಿದ್ದರು. ಓಣಿಯ ಹೆಂಗಸರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

ಅವನು ಬಾಗಿಲಲ್ಲೇ ಹಿಂದೆ ಸರಿದ.

"ಇಷ್ಟು ದೂರ ಬಂದಿ ಅಂದ್ರ ಏನೋ ಐತಿ. ಕುಂದ್ರು, ಹೇಳು," ಎಂದರು ಮೇಷ್ಟ್ರು. ಅವರ ಕೈ ಹೆಂಡತಿಯ ಹಣೆಯ ಮೇಲಿತ್ತು.

"ಸರ್, ನಾ ಬರದ ಪ್ರೋಗ್ರಾಂನಿಂದ ಹುಲುಗಪ್ಪ ಅನ್ನೋ ಕೆಲಸಗಾರನ ಕೈ ಹೋತ್ರಿ."

"ಹೆಂಗ?"

"ಬೆಲ್ಟಿನ ರೋಲರ್‌ಗೆ ಎನ್‌ಕೋಡರ್ ಕೂಡಿಸಿದ್ದೆ. ರೋಲರ್ ತಿರುಗಿದಂಗ ಅದರಿಂದ ಕರೆಂಟಿನ ಪಲ್ಸ್ ಬರ್ತಾವು. ಪ್ರೋಗ್ರಾಂ ಅರ್ಧ ಸೆಕೆಂಡಿಗೊಮ್ಮೆ ಅವನ್ನ ಎಣಿಸಿ ಸ್ಪೀಡ್ ತೋರಸ್ತೈತಿ. ಒಂದೂ ಬರಲಿಲ್ಲಂದ್ರ ಬೆಲ್ಟ್ ನಿಂತೈತಿ ಅಂತ ಅದರ ಸುತ್ತ ಇರೋ ಜಾಲರಿ ಬಾಗಿಲಿನ ಲಾಕ್ ತೆಗೀತೈತಿ."

"ಮತ್ತ?"

"ಆವತ್ತು ಬೆಲ್ಟ್ ತೊಳಿಯಾಕ ಭಾಳ ಮೆಲ್ಲಗ ಬಿಟ್ಟಿದ್ರು. ಒಂದು ಪಲ್ಸ್ ಬಂದು ಇನ್ನೊಂದು ಬರೂದ್ರೊಳಗ ಅರ್ಧ ಸೆಕೆಂಡ್ ದಾಟಿತು. ಬಾಗಿಲು ತೆರೀತು. ಅದನ್ನ ನಂಬಿ ಅಂವ ಕೈ ಹಾಕಿದ. ಬೆಲ್ಟ್ ನಿಂತಿರಲಿಲ್ಲ."

ನಿಜಗುಣ ಮೇಷ್ಟ್ರ ಹತ್ತಿರ ಸರಿದ.

"ನಾಳೆ ಮತ್ತ ಲೈನ್ ಶುರು ಮಾಡ್ತಾರ. ಆ ಬಾಗಿಲಿಗೆ ಇನ್ನೊಬ್ಬ ನಿಲ್ತಾನ. ಬೆಲ್ಟ್ ನಿಂತೈತಿ ಅನ್ನಾಕ ಎಷ್ಟು ಹೊತ್ತು ಕಾಯಬೇಕು? ಒಂದು ಲೆಕ್ಕ ಹೇಳ್ರಿ ಸರ್."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು.

ಆಕೆಯ ಉಸಿರು ಒಮ್ಮೆ ಬಂತು. ಆಮೇಲೆ ಬರಲಿಲ್ಲ. ನಿಜಗುಣ ಆಕೆಯ ಎದೆಯನ್ನೇ ನೋಡಿದ. ಅದು ಏಳಲಿಲ್ಲ. ಓದುವಾಗ ಈ ಮನೆಯಲ್ಲೇ ಉಂಡವನು ಅವನು. ಕಣ್ಣು ತುಂಬಿ ಬಂದವು.

"ಅಮ್ಮಾರು ಹೋದ್ರು ಸರ್," ಎಂದು ಹೊರಗಿನ ಹೆಂಗಸರಿಗೆ ತಿಳಿಸಲು ಎದ್ದ.

ಮೇಷ್ಟ್ರು ಅವನ ಕೈ ಹಿಡಿದು ಕೂರಿಸಿದರು.

ಹೊಳೆಯ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆಕೆಯ ಎದೆ ಮೆಲ್ಲಗೆ ಎದ್ದು ಇಳಿಯಿತು.

ನಿಜಗುಣನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ನೀ ಹೇಳಿದ್ರ ಅವರು ಅಳಾಕ ಶುರು ಮಾಡ್ತಿದ್ರು," ಎಂದರು ಮೇಷ್ಟ್ರು. "ಆ ಅಳು ಈಕಿಗೆ ಕೇಳ್ತಿತ್ತು."

"ತಪ್ಪಾತ್ರಿ ಸರ್. ಉಸಿರು ಕಾಣಲಿಲ್ಲ."

"ಕಾಣಲಿಲ್ಲ ಅನ್ನೂದು ಖರೆ. ಹೋದ್ರು ಅನ್ನೂದನ್ನ ನೀ ಸೇರಿಸಿದಿ."

ಮತ್ತೆ ಉಸಿರು ನಿಂತಿತು. ಈ ಸಲ ನಿಜಗುಣ ಏಳಲಿಲ್ಲ. ಕಿಟಕಿಯ ಬೆಳಕು ಕಡಿಮೆಯಾಯಿತು. ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಅವನಿಗೆ ಭಯವಾಗುತ್ತಿತ್ತು.

ಕೊನೆಗೆ ತಡೆಯಲಾಗದೆ, "ಸರ್, ಅಮ್ಮಾರು ಅದಾರ?" ಎಂದ.

ಮೇಷ್ಟ್ರು ಬಗ್ಗಿ ಹೆಂಡತಿಯ ಮೂಗಿನ ಹತ್ತಿರ ಬೆರಳು ಹಿಡಿದರು. ಬಹಳ ಹೊತ್ತು ಹಿಡಿದರು. ಕಿವಿಯನ್ನು ಎದೆಗೆ ಹಚ್ಚಿ ಕೇಳಿದರು. ಆಮೇಲೆ ಆಕೆಯ ರೆಪ್ಪೆ ಮುಚ್ಚಿದರು.

"ಆಗ ಹೇಳಿಬಿಟ್ಟಿ, ಈಗ ಕೇಳಿದಿ," ಎಂದರು. "ನಿನ್ನ ಪ್ರೋಗ್ರಾಂ ಬಾಗಿಲು ತೆಗಿಯೂ ಮೊದಲ ಮೋಟಾರನ್ನ ಹಿಂಗ ಒಮ್ಮೆ 'ನಿಂತಿಯೇನು?' ಅಂತ ಕೇಳಿದ್ರ, ಹುಲುಗಪ್ಪನ ಕೈ ಉಳೀತಿತ್ತು."