ಮಗಳ ಸೇತುವೆ

ಚೀನಾ ದೇಶದ ಚಿಂಗ್‌ಯಾ ಬೆಟ್ಟಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಎರಡು ಕಡಿದಾದ ಬಂಡೆಗಳ ನಡುವೆ ಬಿಲ್ಲಿನಂತೆ ಬಾಗಿ ನಿಂತ ಕಲ್ಲಿನ ಸೇತುವೆ. ಕೆಳಗೆ ಹೊಳೆ ನೊರೆ ಕಾರುತ್ತ ಹರಿಯುತ್ತದೆ. ಆಚೆ ದಡದ ಗುಹೆಯಲ್ಲಿ ಕರುಣೆಯ ದೇವಿ ಗ್ವಾನ್‌ಯಿನ್ ಅಮ್ಮ ಕಲ್ಲಿನ ಕಮಲದ ಮೇಲೆ ಕುಳಿತಿದ್ದಾಳೆ. ಸುತ್ತಿನ ಜನ ಇದನ್ನು ಮಗಳ ಸೇತುವೆ ಎನ್ನುತ್ತಾರೆ. ಯಾರ ಮಗಳು ಎಂದರೆ, ಇದನ್ನು ಕಟ್ಟಿದ ಮೇಸ್ತ್ರಿ ಹೋ ಕಾಂಗ್ ಮತ್ತು ಅವನ ಹೆಂಡತಿ ಯುನ್‌ಝೆನ್ ದಂಪತಿಯ ಒಬ್ಬಳೇ ಮಗಳು.

ಹಿಂದೆ ಒಮ್ಮೆ, ಸೇತುವೆ ಇಲ್ಲದ ಕಾಲದಲ್ಲಿ, ಹಗ್ಗ ಹಿಡಿದು ಹೊಳೆ ದಾಟಿಯೇ ಅಮ್ಮನ ದರ್ಶನ ಮಾಡಬೇಕಿತ್ತು. ದೇವಿಯ ದೀಪಕ್ಕೆ ಎಣ್ಣೆ ಒಯ್ಯುತ್ತಿದ್ದ ಆ ಮಗಳನ್ನು ಹೊಳೆ ಸೆಳೆದುಕೊಂಡಿತು. ಯುನ್‌ಝೆನ್ ಅಳಲಿಲ್ಲ. ಅಕ್ಕಿ ತೊಳೆದಳು, ಬಟ್ಟೆ ಒಗೆದಳು, ಬಂದವರಿಗೆ ಚಹಾ ಕೊಟ್ಟಳು. ಸಂಜೆ ಅದೇ ಹಗ್ಗ ಹಿಡಿದು ದಾಟಿ ಗುಹೆಯಲ್ಲಿ ಕುಳಿತು ಮಗಳ ಹೆಸರು ಹಿಡಿದು ಕರೆಯುತ್ತಿದ್ದಳು. ಗುಹೆ ಆ ಹೆಸರನ್ನು ಮರಳಿ ಕೊಡುತ್ತಿತ್ತು. ಅವಳ ಪಾಲಿಗೆ ಉಳಿದದ್ದು ಅಷ್ಟೇ.

ಇನ್ನೊಬ್ಬರ ಮಗು ಹೀಗೆ ಹೋಗಬಾರದೆಂದು ಹೋ ಕಾಂಗ್ ಸೇತುವೆಗೆ ಕೈಹಾಕಿದ. ಕಮಾನಿಗೆ ಆಸರೆಯಾಗಿದ್ದ ಮರ ತೆಗೆದಾಗಲೆಲ್ಲ ಅದು ಕುಸಿಯಿತು. ಅಲ್ಲಿನ ಕಲ್ಲುಕುಟಿಗರದು ಒಂದು ನಂಬಿಕೆ: ಕಮಾನಿನ ನೆತ್ತಿಯಲ್ಲಿ ಎರಡು ಬದಿಯನ್ನೂ ಬಿಗಿಯುವ ನಡುಗಲ್ಲನ್ನು ಬಡಿದು ಕೂರಿಸುವಾಗ ಒಬ್ಬರ ಹೆಸರು ಹೇಳಬೇಕು. ಹೆಸರಿನವರು ಸಾಯುತ್ತಾರೆ, ಆ ಜೀವ ಕಲ್ಲಿಗೆ ಸೇರುತ್ತದೆ. ಮುಂದೆ ಯಾರೂ ಆ ಹೆಸರು ಎತ್ತಬಾರದು, ಎತ್ತಿದರೆ ಕಲ್ಲು ಸಡಿಲುತ್ತದೆ.

“ನಮ್ಮತ್ತೆ ಹೆಸರು ಹೇಳಿಬಿಡಲಾ ಮೇಸ್ತ್ರಿಗಳೇ? ಕಲ್ಲೇ ಎದ್ದು ಓಡಿಹೋದೀತು!” ಎಂದ ಹೋ ಕಾಂಗ್‌ನ ಕೈಕೆಳಗಿನ ಕಲ್ಲುಕುಟಿಗ, ಮುದುಕ ವೂ.

ನಡುಗಲ್ಲು ಕೂರಿಸುವ ದಿನ ಬೆಳಗ್ಗೆ ಊಟಕ್ಕೆ ಕೂತಾಗ ಹೋ ಕಾಂಗ್, “ಇವತ್ತು ನನ್ನ ಹೆಸರನ್ನೇ ಹೇಳ್ತೀನಿ ಕಣೇ. ಬೇರೆಯವರ ಮನೆ ದೀಪ ಆರಿಸೋಕೆ ನನ್ನಿಂದಾಗಲ್ಲ,” ಎಂದ.

“ಗಂಜಿ ಆರುತ್ತೆ, ಉಣ್ಣಿ,” ಎಂದಳು ಯುನ್‌ಝೆನ್. ಅವಳಿಗೆ ಗಾಬರಿಯೂ ಆಗಲಿಲ್ಲ. ಗಾಬರಿ ಹುಟ್ಟುವ ಜಾಗವೇ ಒಳಗೆ ಮರಗಟ್ಟಿತ್ತು.

ಆದರೂ ಅವನ ಹಿಂದೆಯೇ ದಡಕ್ಕೆ ಬಂದಳು. ಅವನು ಕೊಡತಿ ಎತ್ತಿ ಬಾಯಿ ತೆರೆಯುವಷ್ಟರಲ್ಲಿ, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕೂಗುವಂತೆ, ಮಗಳ ಹೆಸರನ್ನು ಕೂಗಿದಳು. ಏಟು ಬಿತ್ತು. ಕಲ್ಲು ಕೂತಿತು. ಸತ್ತವರ ಹೆಸರು ನಡೆದೀತೇ ಎಂದು ಗೊಣಗುತ್ತ ವೂ ಆಸರೆಯ ಮರ ಬಿಡಿಸಿದ. ಕಮಾನು ಅಲುಗಲಿಲ್ಲ. ತಾಯಿಯ ಕೈಯಿಂದ ಬಂದದ್ದನ್ನು ಗ್ವಾನ್‌ಯಿನ್ ಅಮ್ಮ ಬೇಡವೆನ್ನುವಳೇ!

“ಏನು ಮಾಡಿಬಿಟ್ಟೆಯೇ! ಇನ್ನು ಅವಳನ್ನ ಕರೆಯೋ ಹಾಗಿಲ್ಲವಲ್ಲೇ!” ಎಂದು ಹೋ ಕಾಂಗ್ ತಲೆ ಹಿಡಿದು ಕುಳಿತ.

“ನೀವಾದರೂ ಕರೆದರೆ ಓ ಅಂತೀರಲ್ಲ,” ಎಂದಳು ಅವಳು. ಮೊದಲು ಸೇತುವೆ ದಾಟಿದವಳೂ ಅವಳೇ. ಗುಹೆಯಲ್ಲಿ ಕುಳಿತು ಬಾಯಿ ತೆರೆದಳು, ಮುಚ್ಚಿದಳು, ದೀಪದ ಬತ್ತಿ ಸರಿಪಡಿಸಿ ಮನೆಗೆ ಬಂದಳು ಎನ್ನುತ್ತಾರೆ.

ಆ ನಾಡಿನ ಸೇತುವೆಗಳ ನಡುಗಲ್ಲಿನ ಮೇಲೆ ಸೇತುವೆಯ ಹೆಸರು ಕೆತ್ತುವುದು ವಾಡಿಕೆ. ಇಲ್ಲಿಯ ನಡುಗಲ್ಲು ಇಂದಿಗೂ ಖಾಲಿ. ಯಾತ್ರಿಕರು ಬಗ್ಗಿ ಅದನ್ನು ಮುಟ್ಟಿ ನಮಸ್ಕರಿಸುತ್ತಾರೆ. ಆ ಹುಡುಗಿಯ ಹೆಸರೇನೆಂದು ಕೇಳಿದರೆ ಊರಿನವರು ಹೇಳುವುದಿಲ್ಲ. ಮುಚ್ಚಿಡುತ್ತಿಲ್ಲ, ಅವರಿಗೂ ಗೊತ್ತಿಲ್ಲ.