ದೇಸಾಯರ ಕಾರಿಗೆ ಭಾರ ಕೂಡಿಸಿದ್ದು

ದೇವರ ಮುಂದೆ ದೀಪ ಹಚ್ಚಿ ಬಂದು ಕೂತಿದ್ದೇನೆ. ನನಗೂ ಅವಸರವಿಲ್ಲ, ನೀವೂ ಸಾವಕಾಶ ಕೇಳಿರಿ.

ಬ್ಯಾಡಗಿ ಕಡೆಯ ಒಂದೂರಿನಲ್ಲಿ ನಿಂಬೆವ್ವ ಎಂಬ ತಾಯಿ, ಅಡಿವೆಪ್ಪ ಎಂಬ ಮಗ. ಮಗನಿಗೆ ಮೂವತ್ತು ತುಂಬಿತ್ತು. ಮೈಯಲ್ಲಿ ಎತ್ತಿನ ಬಲ, ಮನಸ್ಸು ಹಾಲಿನಂಥದು, ಬುದ್ಧಿ ಮಾತ್ರ ಹೇಳಿದಷ್ಟೇ. ಹೇಳಿದ್ದನ್ನು ಬಿಡುವವನಲ್ಲ, ಹೇಳದ್ದನ್ನು ಮಾಡುವವನಲ್ಲ. ಹಿಟ್ಟಿನ ಗಿರಣಿಯವರು ಮನೆಗೆ ಕಳಿಸಿದರು. ಕಿರಾಣಿ ಅಂಗಡಿಯವರು ಕಳಿಸಿದರು. ಇಟ್ಟಂಗಿ ಭಟ್ಟಿಯವರೂ ಕಳಿಸಿದರು. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ತುತ್ತು ಹಾಕುವವರು ಯಾರು ಶಿವನೇ ಎಂದು ನಿಂಬೆವ್ವ ದಿನಾ ದೇವರ ಜಗಲಿಯ ಮುಂದೆ ಕೂತು ಕೇಳುತ್ತಿದ್ದಳು.

ಕಡೆಗೆ ಹೆದ್ದಾರಿಯ ಪಕ್ಕದ ಗ್ಯಾರೇಜಿಗೆ ಹೋಗಿ ಮೌನೇಶಪ್ಪ ಮೇಸ್ತ್ರಿಯ ಕಾಲು ಹಿಡಿದಳು. ಅಲ್ಲಿ ಆಗಷ್ಟೇ ಊರ ದೊಡ್ಡ ಮನೆತನದ ದೇಸಾಯರ ಹಳೆಯ ಕಾರು ಬಂದು ನಿಂತಿತ್ತು. ಪರದೇಶದ ರೇಸಿನ ಕಾರು, ಇಬ್ಬರೇ ಕೂಡಬೇಕು, ಎದೆ ನೆಲಕ್ಕೆ ತಾಗಿಸಿದ ಹಾಗೆ ತಗ್ಗು. ಹಿಂದಿನ ಎರಡೂ ಶಾಕಪ್ಪು ಸತ್ತುಹೋಗಿದ್ದವು. ಶಾಕಪ್ಪು ಅಂದರೆ ಸ್ಪ್ರಿಂಗಿನ ನಡುವೆ ನಿಲ್ಲುವ ಕಬ್ಬಿಣದ ಕೊಳವೆ; ಅದು ಸತ್ತರೆ ಕಾರು ಹಾದಿ ತುಂಬ ಕುಣಿಯುತ್ತದೆ. ಎರಡನ್ನೂ ಇಳಿಸಿ, ಬಿಚ್ಚಿ, ಹೊಸ ಸಾಮಾನು ಹಾಕಿ ಕೂಡಿಸುವ ಕೆಲಸ. ಈ ಗಾಡಿ ಹೋಗುವವರೆಗೆ ಇರಲಿ, ದೇಸಾಯರು ಬಾಯಿಬಿಟ್ಟು ಚಲೋ ಅಂದರೆ ನಿನ್ನ ಮಗ ಇಲ್ಲೇ ಕಾಯಂ, ಇಲ್ಲದಿದ್ದರೆ ನೀನೇ ಬಂದು ಕರಕೊಂಡು ಹೋಗು ಎಂದ ಮೇಸ್ತ್ರಿ. ಆಗಲಿ ಎಂದಳು ತಾಯಿ.

ಮೊದಲ ದಿನ ಮೇಸ್ತ್ರಿ ಬೋಲ್ಟು ಬಿಚ್ಚಿ ಅಡಿವೆಪ್ಪನ ಕೈಗೆ ಕೊಟ್ಟ. ಇವು ಎಲ್ಲೂ ಸಿಗುವುದಿಲ್ಲ, ಜೋಪಾನ ಇಡು ಎಂದ. ಜೋಪಾನದ ಜಾಗ ಅಡಿವೆಪ್ಪನಿಗೆ ಒಂದೇ ಗೊತ್ತು. ಮರುದಿನ ಮಧ್ಯಾಹ್ನದವರೆಗೆ ಮೇಸ್ತ್ರಿ ಗ್ಯಾರೇಜನ್ನೆಲ್ಲ ಜಾಲಾಡಿದ. ಆಮೇಲೆ ಅಡಿವೆಪ್ಪನನ್ನೇ ಕೇಳಿದ. ಬೋಲ್ಟುಗಳು ನಿಂಬೆವ್ವನ ಮನೆಯ ದೇವರ ಜಗಲಿಯ ಮೇಲೆ ಇದ್ದವು, ಒಂದೊಂದಕ್ಕೂ ವಿಭೂತಿ, ಒಂದೊಂದಕ್ಕೂ ದಾಸವಾಳದ ಹೂವು.

“ಏ ಪುಣ್ಯಾತ್ಮಾ, ಪೂಜಾ ಮಾಡು ಅಂದಿದ್ನೇನು? ಬಿಚ್ಚಿದ್ದನ್ನ ಡೀಸೆಲ್‌ನಾಗ ತೊಳದು ಬಿಸಲಿಗೆ ಸಾಲಾಗಿ ಇಡಬೇಕು.”

“ಆತ್ರೀ ಮೇಸ್ತ್ರಿ,” ಅಂದ ಅಡಿವೆಪ್ಪ. ಮರೆಯಲಿಲ್ಲ.

ಎರಡು ದಿನಕ್ಕೆ ಪುಣೆಯಿಂದ ಶಾಕಪ್ಪಿನ ತುದಿಗೆ ಹಾಕುವ ಹೊಸ ರಬ್ಬರುಗಳು ಬಂದವು. ಮೇಸ್ತ್ರಿ ಕಟ್ಟು ಬಿಚ್ಚಿ ನೋಡಿ ಊಟಕ್ಕೆ ಹೋದ. ಬಿಚ್ಚಿದ್ದಾಯಿತಲ್ಲ, ಅಡಿವೆಪ್ಪ ಅವನ್ನು ಡೀಸೆಲ್ಲಿನಲ್ಲಿ ಮುಳುಗಿಸಿದ. ಕೊಳೆ ಬಿಡಲಿ ಎಂದು ಸಂಜೆಯವರೆಗೆ ಬಿಟ್ಟ, ಮರುದಿನ ಬಿಸಿಲಿಗೆ ಸಾಲಾಗಿ ಇಟ್ಟ. ರಬ್ಬರುಗಳು ಪೂರಿಯ ಹಾಗೆ ಉಬ್ಬಿ ಕೂತಿದ್ದವು. ಮತ್ತೆ ಪುಣೆಗೆ ಹೇಳಿ ಕಳಿಸಿ ಎಂಟು ದಿನ ಕಾಯಬೇಕಾಯಿತು. ಮೇಸ್ತ್ರಿ ಹಣೆ ಹಣೆ ಬಡಿದುಕೊಂಡು ಬುದ್ಧಿ ಹೇಳಿದ: ಹೊಸ ಸಾಮಾನಿಗೆ ಎಣ್ಣೆ ಸೋಕಬಾರದು, ಒಂದು ಹನಿ ಕಂಡರೂ ಒರೆಸಿ ಒಣಗಿಸಬೇಕು.

“ಆತ್ರೀ ಮೇಸ್ತ್ರಿ,” ಅಂದ ಅಡಿವೆಪ್ಪ. ಅದನ್ನೂ ಮರೆಯಲಿಲ್ಲ.

ಎಂಟು ದಿನ ಕಳೆದವು. ಮೇಸ್ತ್ರಿ ಕೊಳವೆಯೊಳಗೆ ಅಳತೆ ಮಾಡಿ ಎಣ್ಣೆ ಹೊಯ್ದು, ಮುಚ್ಚಳ ತರಲು ಒಳಗೆ ಹೋದ. ಅಡಿವೆಪ್ಪ ಬಗ್ಗಿ ನೋಡಿದ. ಹೊಸ ಸಾಮಾನು, ಒಳಗೆ ಒಂದು ಹನಿಯಲ್ಲ, ತುಂಬ ಎಣ್ಣೆ. ಪಾಪ, ಮೇಸ್ತ್ರಿಗೆ ಕಂಡಿಲ್ಲ ಎಂದುಕೊಂಡು ಬೋರಲು ಹಾಕಿದ. ಕೋಲಿಗೆ ಅರಿವೆ ಸುತ್ತಿ, ಕನ್ನಡಿಯ ಹಾಗೆ ಒರೆಸಿ ಇಟ್ಟ. ಮೇಸ್ತ್ರಿ ಬಂದು ನೋಡಿದವನು ಟಾಯರಿನ ಮೇಲೆ ಕೂತುಬಿಟ್ಟ. ಬೈಯಲು ಶಕ್ತಿ ಇರಲಿಲ್ಲ, ಮೆಲ್ಲಗೇ ಹೇಳಿದ.

“ಅದರ ಜೀವಾನೇ ಎಣ್ಣಿ, ತಮ್ಮಾ. ಇನ್ನಮ್ಯಾಲೆ ಗಾಡಿಯೊಳಗ ನಾವು ಏನು ಇಟ್ಟಿರತೇವಿ, ನಾ ಹೇಳೂತನಕ ಹೊರಗ ತಗೀಬ್ಯಾಡ.”

ಆ ದಿನ ಈ ಸುದ್ದಿ ತಾಯಿಯ ಕಿವಿಗೂ ಬಿತ್ತು. ನಿಂಬೆವ್ವ ಬೈಯಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೇಸ್ತ್ರಿ ಹೇಳಿದ್ದೇ ದೇವರ ಮಾತು ಅಂತ ತಿಳಿ, ಅಷ್ಟು ಮಾಡು ಸಾಕು ಎಂದಳು.

ಗಾಡಿ ಒಪ್ಪಿಸುವ ದಿನ ಬಂತು. ಶಾಕಪ್ಪು ಎರಡೂ ಕೂತಿದ್ದವು, ಗಾಲಿ ನೆಲಕ್ಕೆ ಇಳಿದಿದ್ದವು, ಕಾರು ಗ್ಯಾರೇಜಿನ ಗುಂಡಿಯ ಮೇಲೆ ನಿಂತಿತ್ತು. ಅಷ್ಟರಲ್ಲಿ ಹಾದಿಯಲ್ಲಿ ಟ್ರ್ಯಾಕ್ಟರು ಕೆಟ್ಟಿದೆ ಎಂದು ಮೇಸ್ತ್ರಿಗೆ ಕರೆ ಬಂತು. ಹೋಗುವ ಮುಂಚೆ ಅಡಿವೆಪ್ಪನನ್ನು ಕೂಡಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದ. ಕೆಳಗಿನ ನಾಲ್ಕು ಬೋಲ್ಟು ಬರೀ ಕೈಯಲ್ಲಿ ಹಿಡಿಸಿದ್ದೇನೆ. ಗಾಡಿ ಖಾಲಿ ಇದ್ದಾಗ ಬಿಗಿ ಮಾಡಿದರೆ, ಜನ ಕೂತಾಗ ರಬ್ಬರು ತಿರುಚಿ ಹರಿಯುತ್ತದೆ. ಇಬ್ಬರು ಆಳಿನ ಭಾರ ಸೀಟಿನ ಮೇಲೆ ಇಡು, ಆಮೇಲೆ ಗುಂಡಿಗೆ ಇಳಿದು ಬಿಗಿ ಮಾಡು.

ಮೇಸ್ತ್ರಿಯ ಮನಸ್ಸಿನಲ್ಲಿ ಇದ್ದದ್ದು ಮೂಲೆಯ ಸಿಮೆಂಟಿನ ಚೀಲ. ಬಾಯಲ್ಲಿ ಬಂದದ್ದು ಆಳಿನ ಭಾರ. ಆ ಹೊತ್ತಿಗೆ ಸರಿಯಾಗಿ ನಿಂಬೆವ್ವ ರೊಟ್ಟಿಯ ಗಂಟು ಹಿಡಿದು ಬಂದಳು. ಹಿಂದೆಯೇ ದೇಸಾಯರೂ ಬಂದರು. ಎಣಿಸಿದರೆ ಇಬ್ಬರು. ಗಾಡಿಗೆ ಭಾರ ಬೇಕು, ಕೂಡಿರಿ ಎಂದು ಅಡಿವೆಪ್ಪ ಇಬ್ಬರಿಗೂ ಬಾಗಿಲು ತೆರೆದ.

ದೇಸಾಯರು ನಗುತ್ತ ತಮ್ಮ ಸೀಟಿನಲ್ಲಿ ಕೂತರು. ನಿಂಬೆವ್ವ ನಾಚಿ, ಸೆರಗು ಹೊದ್ದು, ಶಿವಶಿವಾ ಅನ್ನುತ್ತ ಪಕ್ಕದಲ್ಲಿ ಕೂತಳು. ಅಡಿವೆಪ್ಪ ಗುಂಡಿಗೆ ಇಳಿದು ಬೋಲ್ಟು ತಿರುಗಿಸುವ ಪಾನಾ ಹಿಡಿದ. ಎತ್ತಿನ ಬಲದವನು ಎಂದೆನಲ್ಲ, ನಾಲ್ಕು ಬೋಲ್ಟೂ ಬಂಡೆಯ ಹಾಗೆ ಕೂತವು. ಜೀವಮಾನದಲ್ಲಿ ಮೊದಲ ಸಲ ಒಂದು ಕೆಲಸ ಹೇಗೆ ಆಗಬೇಕೋ ಹಾಗೇ ಆಯಿತು.

ನಿಂಬೆವ್ವ ಇಳಿಯಲು ಕಾಲು ಹೊರಗಿಟ್ಟಳು. ಅಡಿವೆಪ್ಪ ಓಡಿಬಂದು ಬಾಗಿಲು ಹಾಕಿದ.

“ಇಳೀಬ್ಯಾಡ ಯವ್ವಾ. ಒಳಗ ಇಟ್ಟದ್ದನ್ನ ಮೇಸ್ತ್ರಿ ಹೇಳೂತನಕ ಹೊರಗ ತಗಿಯಂಗಿಲ್ಲ.”

ಎಷ್ಟು ಹೇಳಿದರೂ ಕೇಳಲಿಲ್ಲ. ಇರಲಿ ಬಿಡು, ಒಂದು ಸುತ್ತು ಹೊಡೆದು ಮೇಸ್ತ್ರಿ ಬರುವುದರೊಳಗೆ ಬರುತ್ತೇವೆ ಎಂದು ದೇಸಾಯರು ಕಾರು ಬಿಟ್ಟರು. ಕಾರು ನೀರಿನ ಮೇಲಿನ ಎಲೆಯ ಹಾಗೆ ಹೋಯಿತು. ಆ ಖುಷಿಗೆ ಸುತ್ತು ಮರೆತು ನೇರ ತಮ್ಮ ಮನೆಗೆ, ವಾಡೆಗೇ ಹೋಗಿಬಿಟ್ಟರು.

ಇತ್ತ ಮೇಸ್ತ್ರಿ ಬಂದ. ಗುಂಡಿ ಖಾಲಿ. ಕಾರು ಎಲ್ಲಿ ಎಂದರೆ ಹೋಯಿತು ಎಂದ ಅಡಿವೆಪ್ಪ. ಭಾರ ಏನಿಟ್ಟೆ ಎಂದರೆ ಅವ್ವನ್ನ ಎಂದ. ಮೇಸ್ತ್ರಿ ಹಾದಿಗೆ ಓಡುವಾಗಲೇ ದೇಸಾಯರ ಫೋನು ಬಂತು. ಹೊಸದಾಗಿ ತಂದಾಗಲೂ ಕಾರು ಹೀಗೆ ಓಡಿರಲಿಲ್ಲ, ಬಿಗಿ ಮಾಡಿದ ಹುಡುಗನನ್ನು ಬಿಡಬೇಡ ಎಂದರು. ಆಮೇಲೆ ದನಿ ತಗ್ಗಿಸಿ, ಈ ಮುದುಕಿ ಇಳಿಯಲೊಲ್ಲಳು, ನೀನೇ ಏನಾದರೂ ಮಾಡು ಎಂದರು.

ಮೇಸ್ತ್ರಿ ಅಡಿವೆಪ್ಪನನ್ನು ಕರೆದ. ನಾಳೆಯಿಂದ ನೀನು ಇಲ್ಲೇ ಕಾಯಂ, ಈಗ ನಾನೇ ಹೇಳುತ್ತಿದ್ದೇನೆ, ಹೋಗಿ ನಿಮ್ಮವ್ವನನ್ನು ಇಳಿಸಿ ಕರಕೊಂಡು ಬಾ ಎಂದು ಕಳಿಸಿದ.

ವಾಡೆಯ ಅಂಗಳದಲ್ಲಿ ನಿಂಬೆವ್ವ ಸೀಟಿನಲ್ಲೇ ಕೂತಿದ್ದಳು. ದೇಸಾಯರ ಮನೆಯೊಡತಿ ಬಾಯಾರು ಚಹಾದ ಕಪ್ಪು ಹಿಡಿದು ನಿಂತು, ಕೆಳಗೆ ಬಾರವ್ವಾ ಎಂದು ಕರೆದು ಸಾಕಾಗಿದ್ದರು.

“ನಾ ಇಳಿದು ಏನರ ಸಡ್ಲ ಆತಂದ್ರ ನನ್ನ ಮಗನ ಕೆಲಸ ಹೋಗತೈತ್ರೀ ಬಾಯಾರ,” ಅನ್ನುತ್ತಿದ್ದಳು ನಿಂಬೆವ್ವ. “ಮೇಸ್ತ್ರಿ ಹೇಳಲಿ. ಅಲ್ಲೀತನಕ ನಾ ಇದರ ಭಾರ ಅದೀನಿ.”

ಮೇಸ್ತ್ರಿ ಹೇಳಿದ್ದಾನೆ, ಕೆಲಸವೂ ಕಾಯಂ ಆಗಿದೆ ಎಂದು ಮಗ ಹೇಳಿದ. ನಿಂಬೆವ್ವ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅವನ ಹೆಗಲು ಹಿಡಿದು ಮೆಲ್ಲಗೆ ಇಳಿದಳು.

ಅಡಿವೆಪ್ಪ ಖಾಲಿ ಸೀಟನ್ನು ನೋಡಿದ. ಅವ್ವನನ್ನು ಇಳಿಸು ಎಂದಿದ್ದ ಮೇಸ್ತ್ರಿ. ಭಾರ ಇಳಿಸು ಎಂದಿರಲಿಲ್ಲ. ಅವನು ಬಾಯಾರಿಗೆ ಕೈ ಮುಗಿದು ಬಾಗಿಲು ತೆರೆದು ಹಿಡಿದ. ಆ ಮುಖ ನೋಡಿ ಒಲ್ಲೆ ಅನ್ನಲು ಅವರಿಗೂ ಆಗಲಿಲ್ಲ. ಚಹಾದ ಕಪ್ಪಿನ ಸಮೇತ ಒಳಗೆ ಕೂತರು.

“ಅಲುಗಾಡಬ್ಯಾಡ್ರೀ ಬಾಯಾರ,” ಅಂದ ಅಡಿವೆಪ್ಪ, “ನಾ ಮೇಸ್ತ್ರಿನ್ನ ಕೇಳಿ ನಾಳೆ ಬರತೇನಿ.”