ಅಸ್ಥಿಪಂಜರ ಹೂಂ ಅನ್ನಲಿಲ್ಲ

ನಗಬೇಡಿ, ನಗಬೇಡಿ! ಕೇಳೋ ನಿಮಗೆ ನಗು, ಹೇಳೋ ನನಗೆ ಮೈಯೆಲ್ಲ ಉರಿ. ತಿಪಟೂರಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ಇಡ್ಲಿ ಬೇಯಿಸೋ ಹೊನ್ನಾಜಮ್ಮ, ಅವಳಿಗೊಬ್ಬ ಮಗ ಈರೇಶ. ಪೆದ್ದ. ಅಂಥಿಂಥ ಪೆದ್ದ ಅಲ್ಲ, ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಪೆದ್ದ! ಅವನನ್ನ ಆ ತಾಯಿ ಡಿಗ್ರಿಗೆ ಸೇರಿಸಿದಳು. ಅದೂ ಏನು ಓದೋಕೆ? ಫಿಸಿಯಾಲಜಿ! ಮೈಯೊಳಗೆ ರಕ್ತ ಹೆಂಗೆ ಓಡುತ್ತೆ, ಎದೆ ಯಾಕೆ ಬಡಿಯುತ್ತೆ, ಅದು.

ಯಾಕೆ ಅಂತೀರಾ? ಅವಳ ಗಂಡ ಇಡ್ಲಿ ತಟ್ಟೆ ಹಿಡಿದು ನಿಂತವನು ನಿಂತಲ್ಲೇ ಬಿದ್ದು ಹೋದ. ಯಾಕೆ ಹೋದ ಅಂತ ಒಬ್ಬರೂ ಅವಳಿಗೆ ತಿಳಿಯೋ ಹಾಗೆ ಹೇಳಲಿಲ್ಲ. "ನೀನಾದ್ರೂ ಓದಿ ನನಗೆ ಹೇಳೋ," ಅಂದಳು ಮಗನಿಗೆ. ಇವನೋ, ಎರಡು ಸಲ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಫೇಲು. ಈ ಸಲವೂ ಹೋದರೆ ಕಾಲೇಜಿಂದ ಆಚೆ.

ಒಂದಿನ ಲ್ಯಾಬಲ್ಲಿ ವಿಶಾಲಾಕ್ಷಿ ಮೇಡಂ ಪಾಠ ಮಾಡ್ತಾ ಹೇಳಿದರು, "ಈರೇಶ, ಉಸಿರು ಬಿಗಿ ಹಿಡಿ. ನಾನು ಹೇಳೋವರೆಗೂ ಬಿಡಬೇಡ."

ಹಿಡಿದ. ಮೇಡಂಗೆ ಫೋನ್ ಬಂತು, ಆಚೆ ಹೋದರು. ಇವನು ಬಿಟ್ಟನಾ? ಬಿಡಲಿಲ್ಲ! ಕಣ್ಣು ಮೇಲೆ ಹೋಯ್ತು, ಮುಖ ಕಪ್ಪಿಟ್ಟಿತು, ದಬಾರಂತ ಬಿದ್ದ.

"ಅಯ್ಯೋ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅಂತ ಸುದ್ದಿ ಕೇಳಿದ ತಾಯಿ ಬಾಯಿ ಬಡ್ಕೊಂಡಳು. "ಅಪ್ಪನ ಹಾಗೆ ನೀನೂ ಹೋಗ್ತಿದ್ದೆಯಲ್ಲೋ! ಇನ್ಮೇಲೆ ಕಷ್ಟ ಅನ್ನಿಸಿದ ತಕ್ಷಣ ಬಿಟ್ಬಿಡು. ಯಾರು ಹೇಳ್ತಾರೆ ಅಂತಲೂ ಕಾಯಬೇಡ!"

"ಆಯ್ತವ್ವ."

ಮಾರನೇ ವಾರ ಬಿ.ಪಿ. ನೋಡೋ ಮೆಷಿನ್ ಬಂತು. ಹೊಚ್ಚ ಹೊಸದು, ಪಾದರಸದ್ದು. ಮೇಲಿನ ಮಹಡಿಗೆ ತಗೊಂಡು ಬಾ ಅಂದರು ಮೇಡಂ. ಅರ್ಧ ಮೆಟ್ಟಿಲಿಗೆ ಕೈ ಸೋತಿತು. ಬಿಟ್ಟ! ಗಾಜು ಪುಡಿಪುಡಿ, ಪಾದರಸ ಮೆಟ್ಟಿಲ ತುಂಬ.

"ಯಾಕೋ ಬಿಟ್ಟೆ?"

"ಕಷ್ಟ ಅನ್ನಿಸ್ತು ಮೇಡಂ."

ತಾಯಿ ಹಣೆ ಚಚ್ಚಿಕೊಂಡಳು. "ಕೈಗೆ ಕೊಟ್ಟದ್ದನ್ನ ಎದೆಗೆ ಅವುಚಿ ಹಿಡ್ಕೋಬೇಕು ಕಣೋ, ದಂಡಪಿಂಡ! ಯಾರು ಬೇಡಿಕೊಂಡ್ರೂ ಬಿಡಬಾರದು!"

"ಆಯ್ತವ್ವ."

ಆಮೇಲೇನಾಯ್ತು ಗೊತ್ತಾ? ಪ್ರಿನ್ಸಿಪಾಲರು ಲ್ಯಾಬ್ ನೋಡೋಕೆ ಬಂದರು. "ಎಲ್ಲಿ, ನನ್ನ ನಾಡಿ ನೋಡಪ್ಪ," ಅಂತ ದೊಡ್ಡ ಮನುಷ್ಯರು ಪಾಪ ಪ್ರೀತಿಯಿಂದ ಕೈ ಕೊಟ್ಟರು. ಇವನು ಎದೆಗೆ ಅವುಚಿಕೊಂಡ.

"ಬಿಡೋ!"

"ಬಿಡಲ್ಲ ಸಾರ್."

"ಮಾರಾಯ, ನನಗೆ ಮೀಟಿಂಗಿದೆ, ಬಿಡೋ!"

"ಬೇಡಿಕೊಂಡ್ರೂ ಬಿಡಲ್ಲ ಸಾರ್."

ಇಬ್ಬರು ಅಟೆಂಡರು ಬಂದು ಬಿಡಿಸಬೇಕಾಯ್ತು. ಆ ಸಿಟ್ಟಿಗೆ ಅವರ ನಾಡಿ ಎಷ್ಟು ಹೊಡ್ಕೋತಿತ್ತೋ, ದರಿದ್ರದವನು ಅದನ್ನೂ ಎಣಿಸಲಿಲ್ಲ!

"ಥೂ, ಇನ್ನೊಬ್ಬರ ಮೈ ಹಂಗೆಲ್ಲ ಹಿಡೀತಾರೇನೋ?" ತಾಯಿಗೆ ಅಳು ಬಂತು. "ಮೊದಲು ಕೇಳು. ಅವರು ಹೂಂ ಅಂದ್ರೆ ಮುಟ್ಟು. ಅನ್ನದಿದ್ರೆ ಬೆರಳೂ ತಾಗಿಸಬೇಡ!"

"ಆಯ್ತವ್ವ."

ಪರೀಕ್ಷೆ ಬಂತು. ಬೇರೆ ಊರಿನ ಮೇಷ್ಟ್ರು, ಒಳ್ಳೇವರು. ಮೂಲೆಯಲ್ಲಿ ನೇತು ಹಾಕಿದ್ದ ಅಸ್ಥಿಪಂಜರ ತೋರಿಸಿ, "ಹೃದಯ ಎಲ್ಲಿರುತ್ತೆ, ಕೈಯಿಟ್ಟು ತೋರಿಸು. ಅಷ್ಟಕ್ಕೇ ಪಾಸು," ಅಂದರು.

ಗೊತ್ತಿತ್ತು ಕಣ್ರೀ ಇವನಿಗೆ! ಅಪ್ಪನ ಹೃದಯ ಯಾಕೆ ನಿಂತಿತು ಅನ್ನೋ ತನಕ ಓದಿಕೊಂಡಿದ್ದ. ಅಸ್ಥಿಪಂಜರದ ಮುಂದೆ ಹೋಗಿ ಕೈಮುಗಿದ.

"ಸಾರ್, ಮುಟ್ಲಾ?"

ಅದು ಏನನ್ನುತ್ತೆ?

"ಮುಟ್ಟೋ!" ಅಂದರು ಮೇಷ್ಟ್ರು.

"ಇವರು ಇನ್ನೂ ಹೂಂ ಅಂದಿಲ್ಲ ಸಾರ್."

ಮೇಷ್ಟ್ರು ಗದರಿದರು. ಮೇಡಂ ಕಣ್ಣು ಕೆಂಪಗೆ ಮಾಡಿದರು. ಊಹುಂ! ಗಂಟೆ ಹೊಡೀತು, ಸೊನ್ನೆ ಬರೆದು ಮೇಷ್ಟ್ರು ಬಸ್ಸು ಹತ್ತಿದರು. ಹುಡುಗರೆಲ್ಲ ಹೋದರು. ಇವನು ಕೈಮುಗಿದು ನಿಂತೇ ಇದ್ದ.

ಇಡ್ಲಿ ಪಾತ್ರೆ ಹಾಗೇ ಬಿಟ್ಟು ಹೊನ್ನಾಜಮ್ಮ ಓಡಿ ಬಂದಳು. "ಎಲ್ಲಾ ಮುಗೀತು ಕಣೋ! ಇನ್ನು ನನಗೆ ಹೇಳೋರು ಯಾರೋ? ನಡಿ ಮನೆಗೆ!" ಅಂತ ಅವನ ರಟ್ಟೆಗೆ ಕೈ ಹಾಕಿದಳು.

ಅವನು ಸರಕ್ಕನೆ ಕೊಸರಿಕೊಂಡ. "ಅವ್ವಾ! ಕೇಳದೆ ಮುಟ್ತೀಯಲ್ಲ!"

ಆ ತಾಯಿ ಕಣ್ಣೀರು ಒರೆಸಿಕೊಂಡು, ಹಲ್ಲು ಕಚ್ಚಿಕೊಂಡು ಕೇಳಿದಳು, "ಮುಟ್ಲೇನಪ್ಪ?"

"ಇರವ್ವ," ಅಂದ ಈರೇಶ, "ಮೊದಲು ಕೇಳಿದವನು ನಾನು. ಇವರು ಹೂಂ ಅಂದುಬಿಡ್ಲಿ."